ತೊಂಬತ್ತೇಳನೆಯ ಪುಟದಿಂದ

ಚಂದ್ರಕ್ಕೋರ ಕಾದಂಬರಿ ತೊಂಬತ್ತೇಳನೆಯ ಪುಟದಿಂದ ಶುರುವಾಗುತ್ತದೆ. ಅದರ ಮೊದಲ ಸಾಲು ಅರ್ಧ ವಾಕ್ಯ: ‘ಎಂದು ಹೇಳಿ ಹುಡುಗಿ ತನ್ನ ಹೆಸರನ್ನು ನಾಕಾದ ಕಟ್ಟೆಯ ಮೇಲೆ ಇಟ್ಟಳು.’ ಏನೆಂದು ಹೇಳಿ ಇಟ್ಟಳು, ಆ ಹೆಸರು ಯಾವುದು, ಅವಳು ಎಲ್ಲಿಂದ ಯಾಕೆ ಹೊರಟಿದ್ದಳು ಎಂಬುದು ಪುಸ್ತಕ ಕೊಂಡವರಿಗೆ ತಿಳಿಯುವುದಿಲ್ಲ. ಮಹಾಲಿಂಗಪುರದ ಬಸ್ ನಿಲ್ದಾಣದ ಹತ್ತಿರದ ಪುಸ್ತಕದ ಅಂಗಡಿಯವನು ಒಂದು ವಾರ ಇಟ್ಟುಕೊಂಡು ಪ್ರತಿಗಳನ್ನೆಲ್ಲ ಹಿಂದಕ್ಕೆ ಕೊಟ್ಟ.

“ಹರಕ ಪುಸ್ತಕ ಯಾರ ತಗೋತಾರ್ರೀ ಅಕ್ಕೋರ? ಇದಕ್ಕ ತಲೀನ ಇಲ್ಲಲ್ಲ!”

“ತಲಿ ಇಲ್ಲದ್ದು ಇಷ್ಟು ದೂರ ನಡದು ಬಂದದ ನೋಡಪಾ,” ಎಂದು ಅಕ್ಕೋರು ಪ್ರತಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟರು. ನಾನು ಜೊತೆಗಿದ್ದೆ.

ಚಂದ್ರಾಬಾಯಿ ಎಂಬ ಹೆಸರು ಅವರ ಸಹಿಯಲ್ಲಷ್ಟೇ ಇತ್ತು. ರಬಕವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರ ಬಳಿ ಕಲಿತ ನಮಗೆಲ್ಲ ಅವರು ಚಂದ್ರಕ್ಕೋರು. ಎತ್ತರದ ಒಣಕಲು ಮೈ. ಬಲಗೈಯ ನಡುಬೆರಳಿನ ಮೇಲೆ ಬರೆದು ಬರೆದು ಎದ್ದ ಗಂಟು. ಭುಜದಲ್ಲಿ ಸದಾ ಒಂದು ಖಾದಿ ಚೀಲ. ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ನಿಂತು ಆ ಚೀಲದ ಬಾಯಿ ಅಗಲಿಸಿ ತೋರಿಸುವರು. “ನೋಡಿಕೋರಿ, ಸುಂಕದ ಮಾಲು ಏನೂ ಇಲ್ಲ.” ಮನೆಯವರು ನಕ್ಕು “ಬಿಟ್ಟೇವಿ, ಒಳಗ ಬರ್ರಿ” ಎಂದ ಮೇಲೆಯೇ ಕಾಲಿಡುವುದು. ಅದು ಬರೀ ತಮಾಷೆ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ಅವರ ತಂದೆ ಸಂಸ್ಥಾನದ ಕಾಲದಲ್ಲಿ ಸುಂಕದ ನಾಕಾದ ಕಾರಕೂನರಾಗಿದ್ದರು. ಮುಂಬಯಿ ರಾಜ್ಯದೊಳಗೆ ಎಲ್ಲವೂ ಸೇರಿಹೋಗುವ ಮೊದಲು, ಒಂದು ಸಂಸ್ಥಾನದ ಸೀಮೆ ಮುಗಿದು ಇನ್ನೊಂದರದು ಶುರುವಾಗುವಲ್ಲಿ ರಸ್ತೆಗೆ ಅಡ್ಡ ಒಂದು ಗಳ, ಪಕ್ಕದಲ್ಲಿ ಕಲ್ಲಿನ ಕಟ್ಟೆ, ಅದರ ಮೇಲೆ ಸುಂಕ ವಸೂಲಿಯ ಕಾರಕೂನ. ಕೂಗಳತೆಯಲ್ಲಿ ಆಚೆಯ ಸಂಸ್ಥಾನದ್ದೂ ಅಂಥದೇ ಒಂದು ಗಳ. ಅಕ್ಕೋರು ಸಣ್ಣವರಿದ್ದಾಗ ತಂಗಿಗೆ ಜ್ವರ ನೆತ್ತಿಗೇರಿತು. ಆಚೆ ಊರಿನ ಡಾಕ್ಟರರ ಬಳಿ ಒಯ್ಯಲು ಗಾಡಿ ಕಟ್ಟಿದರು. ತಂದೆ ತಮ್ಮ ಗಳವನ್ನು ತಾವೇ ಎತ್ತಿದರು. ಆಚೆಯ ಗಳಕ್ಕೆ ಬೀಗ ಹಾಕಿತ್ತು. ಬೀಗದ ಕೈಯವನು ಊಟಕ್ಕೆ ಹೋಗಿದ್ದ. ಅವನು ಬಾಯಿ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಮಗು ಅಕ್ಕನ ತೊಡೆಯ ಮೇಲೆ ತೀರಿಕೊಂಡಿತ್ತು.

ಇದನ್ನು ಅವರು ನನಗೆ ಒಂದೇ ಸಲ ಹೇಳಿದ್ದು. “ಅಪ್ಪ ದಿನಾ ಮಂದೀನ್ನ ನಿಲ್ಲಸ್ತಿದ್ರು. ಆವತ್ತು ತಾವೂ ನಿಂತ್ರು. ನನ್ನ ಕಾದಂಬರಿ ಅಂದ್ರ ಇಷ್ಟ ಅದ ನೋಡು, ಹೊನ್ನಾ.”

ಕಾದಂಬರಿಯಲ್ಲಿ ಒಬ್ಬ ಹುಡುಗಿ ಸತ್ತ ತಂಗಿಯನ್ನು ಕರೆತರಲು ಹೊರಡುತ್ತಾಳೆ. ದಾರಿಯಲ್ಲಿ ಏಳು ನಾಕಾ. ಅಲ್ಲಿ ಯಾರೂ ದುಡ್ಡು ಮುಟ್ಟುವುದಿಲ್ಲ. ಒಂದರಲ್ಲಿ ನೆರಳು ಕೊಟ್ಟು ದಾಟಬೇಕು, ಒಂದರಲ್ಲಿ ಹೆಸರು, ಒಂದರಲ್ಲಿ ಮನೆಯ ದಾರಿಯ ನೆನಪು. ಎಲ್ಲ ಕೊಟ್ಟು ಮುಗಿಸಿ ಅವಳು ತಂಗಿಯ ಮುಂದೆ ನಿಂತಾಗ ತಂಗಿ ಕೇಳುತ್ತಾಳೆ: ‘ನೀನು ಯಾರು?’ ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಉತ್ತರ ಹೇಳಲು ಹುಡುಗಿಗೆ ಹೆಸರಿಲ್ಲ. ಆದರೆ ಮೊದಲ ಪುಟದಿಂದ ಜೊತೆಗೆ ಬಂದವರಿಗೆ ಆ ಹೆಸರು ಗೊತ್ತಿರುತ್ತದೆ.

“ಕಡೀ ಮಾತು ನಾ ಬರಿಯೂದಿಲ್ಲ,” ಎನ್ನುತ್ತಿದ್ದರು ಅಕ್ಕೋರು. “ಅದು ಓದವರ ಬಾಯಾಗಿಂದ ಬರಬೇಕು.”

ಬರೆಯುವ ಮೊದಲು ಅವರು ಅದನ್ನು ನಮಗೆ ಶನಿವಾರದ ಹೊಲಿಗೆಯ ತಾಸಿನಲ್ಲಿ ಹೇಳುತ್ತಿದ್ದರು. ಕೊನೆಯ ಶನಿವಾರ ಅವರು ‘ನೀನು ಯಾರು’ ಎಂದು ಕೇಳಿ ಸುಮ್ಮನಾದಾಗ ಇಡೀ ತರಗತಿ ಸೂಜಿ ಕೆಳಗಿಟ್ಟು ಆ ಹೆಸರನ್ನು ಕೂಗಿತ್ತು. ಪಕ್ಕದ ಕೋಣೆಯಿಂದ ಇನ್ನೊಬ್ಬ ಅಕ್ಕೋರು ಓಡಿ ಬಂದು “ಏನಾತ್ರಿ, ಹಾವು ಬಂತೇನ್ರಿ?” ಎಂದು ಕೇಳಿದ್ದರು.

ನಮ್ಮದು ರನ್ನ ಬೆಳಗಲಿಯ ಕುರಿ ಸಾಕುವ ಮನೆತನ. ಶಾಲೆಗೆಂದು ನಾನು ರಬಕವಿಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ನನ್ನನ್ನು ಧಾರವಾಡಕ್ಕೆ ಕಳಿಸಬೇಕೆಂದು ಹೇಳಲು ಅಕ್ಕೋರು ಬೆಳಗಲಿಗೇ ಬಂದರು. ಬಾಗಿಲಲ್ಲಿ ಚೀಲ ತೆರೆದು ತೋರಿಸಿದರು. ನಮ್ಮಪ್ಪನಿಗೆ ಅದು ತಿಳಿಯಲಿಲ್ಲ. ಗಾಬರಿಯಾಗಿ ಎದ್ದು ನಿಂತ.

“ಹುಡುಗಿ ಅಷ್ಟು ಕಲ್ತು ಏನ ಮಾಡಾಕಿ ಅದಾಳ್ರಿ ಅಕ್ಕೋರ?”

“ನನಗೇನ ಗೊತ್ರಿ? ಕಲ್ತ ಮ್ಯಾಲೆ ಆಕಿನ್ನ ಕೇಳ್ರಿ.”

ಅಪ್ಪ ಬಹಳ ಹೊತ್ತು ಕಂಬಳಿಯ ಅಂಚು ತಿರುವುತ್ತ ಕೂತ. ಕೊನೆಗೆ “ಬೀರಪ್ಪ ದೇವರ ಮ್ಯಾಲೆ ಹಾಕೇನಿ, ಹೋಗಲಿ ಬಿಡ್ರಿ,” ಅಂದ.

ಧಾರವಾಡದಲ್ಲಿ ನಾನು ಓದುತ್ತಿದ್ದಾಗ ಅಕ್ಕೋರು ಹಸ್ತಪ್ರತಿ ಹಿಡಿದು ಅಲ್ಲಿಗೆ ಎರಡು ಮೂರು ಸಲ ಬಂದರು. ಒಬ್ಬ ಪ್ರಕಾಶಕರು, ಸಾಮಾಜಿಕ ಕಾದಂಬರಿ ಇದ್ದರೆ ಕೊಡಿರಿ ಎಂದರು. ಇನ್ನೊಬ್ಬರು ತಮ್ಮ ಅಂಗಡಿಯ ಗಾದಿಯ ಮೇಲೆ ಕೂತು ಕೆಲವು ಹಾಳೆ ತಿರುವಿ ಕೇಳಿದರು.

“ಇದು ಯಾವ ಪುರಾಣದಾಗ ಬರ್ತದ, ಬಾಯಾರ?”

“ಯಾವ ಪುರಾಣದಾಗೂ ಬರೂದಿಲ್ರಿ. ನಾ ಬರದೀನಿ.”

“ಹಂಗಾರ ಇಂಥಾ ಊರು ಎಲ್ಲೂ ಇಲ್ಲ.”

“ಇಲ್ಲ.”

“ಇಲ್ಲದ ಊರಿಗೆ ಸುಳ್ಳ ದಾರಿ! ಸಣ್ಣ ಹುಡುಗ್ರಿಗೆ ಅಂದ್ರ ಇಪ್ಪತ್ತು ಪುಟ ಮಾಡಿಕೊಡ್ರಿ, ಚಿತ್ರಾ ಹಾಕೋಣು.”

ಅಕ್ಕೋರು ಹಾಳೆಗಳನ್ನು ಅಂಚು ಸರಿಮಾಡಿ ಕಟ್ಟಿದರು. ಹೊರಗೆ ಬಂದು ನನಗೆ ಹೇಳಿದರು: “ಇಪ್ಪತ್ತು ಪುಟದಾಗ ಒಂದು ನಾಕಾನೂ ದಾಟೂದಿಲ್ಲ ಹೊನ್ನಾ. ನಾನ ಅಚ್ಚು ಹಾಕಸ್ತೀನಿ.”

ಮಹಾಲಿಂಗಪುರದಲ್ಲಿ ಮಲ್ಲಪ್ಪನವರ ಅಚ್ಚುಕೂಟವಿತ್ತು. ಬೆಲ್ಲದ ಅಡತಿ ಅಂಗಡಿಗಳ ಬಿಲ್ಲು, ಲಗ್ನಪತ್ರಿಕೆ, ಚುನಾವಣೆ ಬಂದರೆ ಕರಪತ್ರ ಅವರ ಕೆಲಸ. ಒಂದು ಫಾರ್ಮಿಗೆ, ಎಂದರೆ ದೊಡ್ಡ ಹಾಳೆಯ ಎರಡೂ ಮಗ್ಗಲು ಸೇರಿ ಹದಿನಾರು ಪುಟಕ್ಕೆ ಆಗುವಷ್ಟೇ ಅಚ್ಚುಮೊಳೆ ಅವರಲ್ಲಿದ್ದವು. ಅಷ್ಟನ್ನು ಜೋಡಿಸಿ, ಎಲ್ಲ ಪ್ರತಿಗಳಿಗೂ ಬೇಕಾಗುವಷ್ಟು ಹಾಳೆ ಅಚ್ಚು ಹಾಕಿ, ಮೊಳೆ ಬಿಚ್ಚಿ ಗೂಡುಗಳಿಗೆ ಹಾಕಿದ ಮೇಲೆಯೇ ಮುಂದಿನ ಹದಿನಾರು ಪುಟ. ಅದೂ ಲಗ್ನದ ಸುಗ್ಗಿ, ಬೆಲ್ಲದ ಸುಗ್ಗಿ ಎರಡೂ ಮುಗಿದ ಮೇಲೆ. ಅಕ್ಕೋರ ಪುಸ್ತಕ ಹೀಗೆ ವರ್ಷಗಟ್ಟಲೆ ನಡೆಯಿತು. ಕರಡು ಅಚ್ಚು ತಿದ್ದುವ ಕೆಲಸ ನನ್ನದು. ಅಂಚೆಯಲ್ಲಿ ಧಾರವಾಡಕ್ಕೆ ಬರುತ್ತಿತ್ತು, ತಿದ್ದಿ ಹಿಂದಕ್ಕೆ ಕಳಿಸುತ್ತಿದ್ದೆ. ಕೈಬರಹದ ಹಾಳೆಗಳನ್ನು ಮೊಳೆ ಜೋಡಿಸುವವರು ತುಂಡು ಮಾಡಿ ಗೋಡೆಗೆ ಸಿಕ್ಕಿಸಿಕೊಳ್ಳುತ್ತಿದ್ದರು, ಕೆಲಸ ಮುಗಿದ ಮೇಲೆ ಅವೂ ತಿದ್ದಿದ ಕರಡೂ ಶಾಯಿ ಒರೆಸಲು ಹೋಗುತ್ತಿದ್ದವು. ಆಗ ಕಾಗದ ಸಿಗುವುದೇ ಕಷ್ಟ. ಇನ್ನೊಂದು ನಕಲು ಮಾಡಿಡಲು ಅಕ್ಕೋರಿಗೆ ಆಗಿರಲಿಲ್ಲ. ಅಚ್ಚಾಗಿ ಬಂದ ಮೇಲೆ ನಕಲು ಯಾಕೆ ಎಂದೂ ಅನ್ನಿಸಿರಬೇಕು.

ಅಚ್ಚಾದ ಮೊದಲ ಆರು ಫಾರ್ಮುಗಳ ಹಾಳೆ ಇಡಲು ಮಲ್ಲಪ್ಪನವರಲ್ಲಿ ಜಾಗ ಸಾಲದೆ, ಒಡಹುಟ್ಟಿದ ತಮ್ಮ ಗುರುಬಸಪ್ಪನವರ ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಡಿಸಿದ್ದರು. ಕೊನೆಯ ಫಾರ್ಮು ಮುಗಿಯಿತು. ಹೊಲಿಗೆಗೆ ಎಲ್ಲ ಹಾಳೆ ಕೂಡಿಸಬೇಕೆಂದು ಅಕ್ಕೋರು ನನ್ನನ್ನೂ ಕರೆದುಕೊಂಡು ಹೋದರು. ನಾನು ಆಗಷ್ಟೇ ಬಿ.ಎ. ಮುಗಿಸಿ ಜಮಖಂಡಿಯಲ್ಲಿ ಶಿಕ್ಷಕಿಯಾಗಿ ಸೇರಿದ್ದೆ. ಮಲ್ಲಪ್ಪನವರು ನಮ್ಮನ್ನು ಕಂಡು ಏಳಲಿಲ್ಲ. ತಮ್ಮನನ್ನು ಕರೆಸಿದರು.

ದೀಪಾವಳಿಯ ವ್ಯಾಪಾರದ ಗಡಿಬಿಡಿಯಲ್ಲಿ ಸೀರೆಯ ಮಡಿಕೆಯೊಳಗೆ ಇಡಲು ಕಾಗದ ಸಾಲಲಿಲ್ಲವಂತೆ. ಗುರುಬಸಪ್ಪನವರು ಹಿಂದಿನ ಕೋಣೆಯ ಗಂಟು ಬಿಚ್ಚಿ ನೋಡಿದ್ದರು.

“ನೋಡಿದ್ನಿರಿ ಅಕ್ಕೋರ, ನೋಡದನ ತಗೀಲಿಲ್ಲ. ಅರ್ಧ ಪುಟ ನೆಟ್ಟಗ, ಅರ್ಧ ಪುಟ ತಲಿಕೆಳಗ. ಒಂದನೇ ಪುಟದ ಮಗ್ಗಲಕ ಹದಿನಾರನೇದು. ಅಣ್ಣನ ಮಂದಿ ಕೆಡಿಸಿ ಒಗದ ಕಾಗದ ಅಂತ ತಿಳದ್ನಿ.”

“ಎಷ್ಟು ಉಳದಾವ?” ಎಂದು ನಾನು ಕೇಳಿದೆ.

ಒಂದೂ ಉಳಿದಿರಲಿಲ್ಲ. ಸೀರೆಗಳು ಸೊಲ್ಲಾಪುರ, ಪುಣೆಯ ಕಡೆ ಹೋಗಿಬಿಟ್ಟಿದ್ದವು.

ಅಕ್ಕೋರು ಎದ್ದು, ಉಳಿದಿದ್ದ ಏಳನೆಯ ಫಾರ್ಮಿನ ಒಂದು ಹಾಳೆ ತೆಗೆದುಕೊಂಡರು. ಅದನ್ನು ಅಡ್ಡ ಮಡಚಿ, ಉದ್ದ ಮಡಚಿ, ಮತ್ತೊಮ್ಮೆ ಮಡಚಿ, ಅಂಚನ್ನು ಬೆರಳ ಗಂಟಿನಿಂದ ಒತ್ತಿದರು. ತಲೆಕೆಳಗಾಗಿದ್ದ ಪುಟಗಳೆಲ್ಲ ನೆಟ್ಟಗಾಗಿ ಒಂದರ ಹಿಂದೊಂದು ಬಂದವು. “ಮಡಚಿದ್ರ ಸರಿ ಆಗ್ತಾವ್ರಿ, ಗುರುಬಸಪ್ಪ. ಒಮ್ಮೆ ಮಡಚಿ ನೋಡಬೇಕಿತ್ತು.”

“ಮಡಚೀವ್ರೀ,” ಎಂದರು ಅವರು, ಅಳುತ್ತ. “ಸೀರಿ ಅಳತಿಗೆ ಮಡಚೀವಿ.”

ಮತ್ತೆ ಬರೆದರಾಯಿತು ಎಂದು ಊರವರು ಸುಲಭವಾಗಿ ಹೇಳಿದರು. ಅಕ್ಕೋರು ಬರೆಯಲು ಕೂತರು. ಹೊಸದಾಗಿ ಬರೆದದ್ದು ಸರಿಯಾಗಿ ತೊಂಬತ್ತಾರು ಪುಟ ಹಿಡಿದು, ಆ ಅರ್ಧ ವಾಕ್ಯಕ್ಕೆ ಬಂದು ಕೂಡಬೇಕಿತ್ತು. ಬರೆದರು, ಹರಿದರು. ಅಷ್ಟರಲ್ಲಿ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಮೀರಜಿನ ಡಾಕ್ಟರರು ನೋಡಿ, ತಡವಾಗಿದೆ ಎಂದರು. ಕೂಡಿಟ್ಟ ದುಡ್ಡು ಅಚ್ಚಿಗೇ ಮುಗಿದಿತ್ತು. ಮಲ್ಲಪ್ಪನವರು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆಂದರು. ಆದರೆ ಆರು ಫಾರ್ಮು ಮುಗಿಯುವವರೆಗೆ ಅಕ್ಕೋರು ಇರುತ್ತಾರೆಂದು ಯಾರೂ ಹೇಳುವಂತಿರಲಿಲ್ಲ.

“ಕರಡು ತಿದ್ದೀನಿ, ನನಗೆ ನೆನಪದ. ನಾ ಬರಕೊಡ್ಲೇನ್ರಿ?” ಎಂದು ಕೇಳಿದೆ.

“ಬರಿಬ್ಯಾಡ. ನಿನ್ನ ಮಾತು ಛಲೋ ಇರ್ತಾವ. ಆದ್ರ ಅವು ನಿನ್ನವು.”

“ಹೆಸರಷ್ಟ ಒಂದು ಚೀಟಿ ಮ್ಯಾಲೆ ಅಚ್ಚು ಹಾಕಿ ಅಂಟಸೋಣು.”

“ಚೀಟಿ ಮ್ಯಾಲಿನ ಹೆಸರು ಹಾಜರಿ ಪಟ್ಟಿಗೆ ಆಗ್ತದ. ಜೋಡಿ ನಡದು ಬಂದವರಿಗೆ ಅದು ಗೊತ್ತಾಗಬೇಕು. ಹಂಗ ಹೊಲಿಸಿಬಿಡು, ಹೊನ್ನಾ. ನನ್ನ ಕೈಯಾಗ ಒಮ್ಮೆ ಬರ್ಲಿ.”

ಹಾಗೆಯೇ ಹೊಲಿಸಿದೆವು. ಪುಸ್ತಕ ಕೈಗೆ ಬಂದ ದಿನ ಅವರು ಅದನ್ನು ಮೂಸಿ ನೋಡಿ, ರಟ್ಟಿನ ಮೇಲಿನ ತಮ್ಮ ಹೆಸರಿನ ಮೇಲೆ ಬೆರಳಾಡಿಸಿ, ಚೀಲದಲ್ಲಿಟ್ಟುಕೊಂಡರು. ಬಾಗಿಲಲ್ಲಿ ಚೀಲ ತೆರೆದು ತೋರಿಸುವುದನ್ನು ಆ ದಿನದಿಂದ ಬಿಟ್ಟರು. ಊರಲ್ಲಿ ‘ತಲಿ ಇಲ್ಲದ ಪುಸ್ತಕದ ಅಕ್ಕೋರು’ ಎಂಬ ಮಾತು ಹುಟ್ಟಿತು. ಪುಸ್ತಕ ಕೊಂಡವರಲ್ಲಿ ಒಬ್ಬ ವಕೀಲರು ಮಾತ್ರ ಕೊನೆಯವರೆಗೆ ಓದಿದರು. ಅವರು ದಾರಿಯಲ್ಲಿ ಅಕ್ಕೋರನ್ನು ನಿಲ್ಲಿಸಿ, “ಎಲ್ಲಾ ಛಲೋ ಅದರಿ, ಆದ್ರ ಕಡೀಕ ಆ ಹುಡುಗಿ ಯಾರು?” ಎಂದು ಕೇಳಿದರು. ಅಕ್ಕೋರು ಹೇಳಲಿಲ್ಲ. ಆ ಸಂಜೆ ಊಟವನ್ನೂ ಮಾಡಲಿಲ್ಲ.

ಕಾಯಿಲೆ ಬಲಿತ ಮೇಲೆ ಅಕ್ಕೋರ ತಮ್ಮ ಅವರನ್ನು ಗಲಗಲಿಯ ಮನೆಗೆ ಕರೆದೊಯ್ದರು. ಒಂದು ರವಿವಾರ ನಾನು ಹೋದೆ. ಹಿತ್ತಲ ಬಾಗಿಲ ಬಳಿ ಮಂಚ. ಅಲ್ಲಿಂದ ಕೃಷ್ಣೆಯ ದಂಡೆ ಕಾಣುತ್ತಿತ್ತು. ಹೊಸ್ತಿಲಲ್ಲಿ ನಿಂತು ನನ್ನ ಚೀಲದ ಬಾಯಿ ಅಗಲಿಸಿ ತೋರಿಸಿದೆ.

“ಸುಂಕದ ಮಾಲು ಏನೂ ಇಲ್ರಿ, ಅಕ್ಕೋರ.”

“ಸುಳ್ಳು. ಪುಸ್ತಕ ಅದ. ಕಡೀ ಪುಟ ಓದು.”

ಮುಖ ಮೂಳೆಯಷ್ಟೇ ಉಳಿದಿತ್ತು, ಕಣ್ಣು ಮಾತ್ರ ತರಗತಿಯಲ್ಲಿದ್ದಂತೆಯೇ ಇದ್ದವು. ಓದಿದೆ. ‘ನೀನು ಯಾರು?’ ಎಂಬಲ್ಲಿಗೆ ಬಂದು ನಿಲ್ಲಿಸಿದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಆ ಹೆಸರನ್ನು ಹೇಳಿದೆ.

ಅವರು ಕಣ್ಣು ಮುಚ್ಚಿಕೊಂಡರು. ಹಾಗೆಯೇ ಹೇಳಿದರು: “ನೀ ಅಂದಿ ಖರೆ. ನೀ ಅಂತೀ ಅಂತ ನನಗ ಗೊತ್ತಿತ್ತು. ನನ್ನ ಗುರುತು ಇಲ್ಲದವರು ಯಾರರ ಅನ್ನಬೇಕಿತ್ತು, ಹೊನ್ನಾ. ಒಬ್ಬರರ.”

ನಾನು ಹೊರಡುವಾಗ ಅವರು ಎರಡೂ ಅಂಗೈ ಬಿಚ್ಚಿ ನನ್ನ ಕಡೆ ತೋರಿಸಿದರು. ನಗಲು ನೋಡಿದರು, ಆಗಲಿಲ್ಲ.

ಆ ವಾರದಲ್ಲಿಯೇ ಒಂದು ಸಂಜೆ ಗಲಗಲಿಯಿಂದ ಬಂದ ಬಸ್ಸಿನ ಕಂಡಕ್ಟರರು ನನ್ನ ಮನೆಯ ಬಾಗಿಲಿಗೆ ಬಂದು ಸುದ್ದಿ ಹೇಳಿದರು. ಅಕ್ಕೋರು ಮುಂಜಾನೆ ಹೋದರು, ಮಧ್ಯಾಹ್ನವೇ ದಂಡೆಯ ಮೇಲೆ ಎಲ್ಲ ಮುಗಿಯಿತು ಎಂದರು. ನಾನು ಅವರಿಗೆ ಕುಡಿಯಲು ನೀರು ಕೊಟ್ಟೆ. ಮಾರಾಟವಾಗದ ಪ್ರತಿಗಳು ನನ್ನ ಕೋಣೆಯಲ್ಲಿಯೇ ಇದ್ದವು. ಅವುಗಳ ಮೇಲೆ ಒಂದು ಬಟ್ಟೆ ಹೊದಿಸಿ ಮಲಗಿದೆ.

ಮರುದಿನ ಶನಿವಾರ, ಬೆಳಗಿನ ಶಾಲೆ. ನನ್ನ ತರಗತಿಯ ಹುಡುಗಿಯರು ಜಮಖಂಡಿಯವರು. ಚಂದ್ರಕ್ಕೋರನ್ನು ಯಾರೂ ಕಂಡವರಲ್ಲ, ಹೆಸರು ಕೇಳಿದವರೂ ಅಲ್ಲ. ಹೊಲಿಗೆಯ ತಾಸು ಬಂತು. ಬರೆಯಬೇಡ ಎಂದಿದ್ದರು ಅಕ್ಕೋರು, ಹೇಳಬೇಡ ಎಂದಿರಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತು, ಮೊದಲನೆಯ ಪುಟದಿಂದ ಶುರು ಮಾಡಿದೆ. ಹುಡುಗಿಯ ಹೆಸರನ್ನು ಹೇಳಿ, ನೀವೂ ಒಮ್ಮೆ ಅನ್ನಿರಿ ಎಂದೆ. ಅಂದರು. ಹಿಂದಿನ ಸಾಲಿನವರ ದನಿ ಸಣ್ಣದಾಗಿತ್ತು. ಅವರಿಂದ ಇನ್ನೊಮ್ಮೆ ಅನ್ನಿಸಿದೆ.