ಹೂವಿಗೆ ಮೆತ್ತಿದ ಗಂಧ

ನನ್ನ ತಂಗಿ ಗಿರಿಜೆಯ ದಾರಿ ತಪ್ಪಿಸಿದ್ದು ದೇವರಲ್ಲ, ನಾನು. ಹದಿನಾಲ್ಕು ವರ್ಷ ಅದನ್ನು ದೇವರ ತಲೆಗೆ ಕಟ್ಟಿ ಆರಾಮಾಗಿದ್ದೆ.

ಆಗ ಅವಳಿಗೆ ಪುಣೆಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತ್ತು. ಇಲ್ಲಿ ಕುಷಾಯಿಗೂಡದ ಮನೆಯಲ್ಲಿ ಅವ್ವ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಳು. ಗಿರಿಜೆ ಹೋದರೆ ಅವ್ವನ ಸೇವೆ ನನ್ನ ಪಾಲಿಗೆ — ಬೇಗಂ ಬಜಾರಿನ ಅಂಗಡಿ ಬಿಟ್ಟು ನಾನು ಮನೆಯಲ್ಲಿ ಕೂರುವುದೆ? ಇಂಥ ಇಕ್ಕಟ್ಟಿನಲ್ಲಿ ನಮ್ಮ ಮನೆಯವರು ಹೂ ಏರಿಸಿ ದೇವರನ್ನು ಕೇಳುತ್ತಾರೆ. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕಾಯುವುದು. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಅಂಟಿಸಿದವನು ನಾನು. ಬಲದ ಹೂವಿಗೆ ಗಂಧ ದಪ್ಪಗೆ ಮೆತ್ತಿದೆ. ಎಡದ್ದಕ್ಕೆ ಬರೀ ನೀರು.

ಎಡದ್ದೇ ಬಿತ್ತು. “ದೇವರ ಬ್ಯಾಡ ಅಂದಮ್ಯಾಲ ಮುಗೀತಲ್ಲ ಅಣ್ಣಾ,” ಎಂದಳು ಗಿರಿಜೆ. ಅವ್ವನ ಹೇಲುಚ್ಚೆ ಬಳಿಯುತ್ತ, ಓಣಿಯ ಮಕ್ಕಳಿಗೆ ಪಾಠ ಹೇಳುತ್ತ ಉಳಿದಳು. ಕೇಳಿದವರಿಗೆ “ನನ್ನ ಹಣ್ಯಾಗ ಇದ್ದದ್ದ ಇಷ್ಟ” ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದೆ — ಥೂ!

ಅವ್ವ ಹೋಗಿ ವರ್ಷವಾಯಿತು. ನಾನೀಗ ಅಂಗಡಿಯ ಹತ್ತಿರ ಬೇರೆ ಇದ್ದೇನೆ, ಆ ಮನೆಯಲ್ಲಿ ಗಿರಿಜೆ ಒಬ್ಬಳೇ. ಮೊನ್ನೆ ಭಾನುವಾರ ಹೋಗಿ ಅವಳಿಗೆ ಹೇಳಿಬಿಟ್ಟೆ. ಹೇಳುವುದರಲ್ಲೂ ಕಳ್ಳತನ ಬಿಡಲಿಲ್ಲ. “ನನ್ನ ಕೈಲೆ ಮಾಡಿಸಿದಾಂವಾನೂ ಆ ದೇವರ. ಬರದದ್ದು ತಪ್ಪಿಸಾಕ ಬರತೈತೇನು?” ಎಂದೆ. ಆ ಮಾತನ್ನು ವರ್ಷಗಟ್ಟಲೆ ಹೊಸೆದಿಟ್ಟುಕೊಂಡಿದ್ದೆ. ರೋಗಿಯ ಸೇವೆ ಗಂಡಸಿನದಲ್ಲ ಎಂದು ನನ್ನನ್ನು ಬೆಳೆಸಿದವಳು ಅವ್ವ, ಅವಳಿಗೆ ಅದನ್ನು ಕಲಿಸಿದವಳು ಅವಳ ಅವ್ವ, ಅವಳಿಗೆ... ಹೀಗೆ ಹಿಂದಕ್ಕೆ ಹೋಗುತ್ತಿದ್ದರೆ ತಪ್ಪು ಯಾರದೂ ಅಲ್ಲ!

ಗಿರಿಜೆ ಅಳಲಿಲ್ಲ. “ಹಂಗಾರ ನಾ ಸಿಟ್ಟಾಗೋದೂ ಬರದದ್ದ ಐತಿ. ನಡಿ, ಹೊರಗ ನಡಿ,” ಎಂದು ಬಾಗಿಲು ಹಾಕಿಕೊಂಡಳು.

ಅಂದಿನಿಂದ ನನ್ನ ಮೇಲೇ ನನಗೆ ರೇಗುತ್ತಿದೆ. ಅವ್ವನ ಸೇವೆಯ ಅಂಜಿಕೆ ಎಲ್ಲಿಂದಲಾದರೂ ಬಂದಿರಲಿ, ಯಾರಾದರೂ ಕಲಿಸಿರಲಿ. ಗಂಧ ಮೆತ್ತುವಾಗ ಯಾರೂ ನನ್ನ ಮುಂಗೈ ಹಿಡಿದಿರಲಿಲ್ಲ. ಬೇಕೆಂದೇ ಮಾಡಿದೆ. ಆ ಬೇಕು ನನ್ನದೇ — ಹಿಂದಿನ ಕಾರಣಗಳನ್ನೆಲ್ಲ ಪೇರಿಸಿದರೂ ನನ್ನದೇ.

ಅವಳು ಫೋನ್ ಎತ್ತುತ್ತಿಲ್ಲ. ನಾಳೆ ಮತ್ತೆ ಹೋಗುತ್ತೇನೆ. ಹಣೆಬರಹದ ಸುದ್ದಿ ಎತ್ತದೆ, ನಾನು ಮಾಡಿದೆ ಎಂದಷ್ಟೇ ಹೇಳಬೇಕು. ಬಾಗಿಲು ತೆರೆಯುವುದು, ಬಿಡುವುದು ಅವಳಿಚ್ಛೆ — ಈ ಸಲವಾದರೂ.