ಓದಲು ಬಾರದವಳು ತಿರುವಿದ ಹಾಳೆ

ಕೆ.ಜಿ.ಎಫ್.ಗೆ ಬಂದ ಮೂರನೆಯ ದಿನ ಮನೆಯೊಡತಿ ನನ್ನನ್ನು ಕರೆದು, ಪಿಯಾನೋದ ಹೊಟ್ಟೆಯೊಳಗೆ ಒಂದು ಬಟ್ಟಲು ನೀರಿಡಲು ಹೇಳಿದರು. ಪಿಯಾನೋವನ್ನು ನಾನು ಕಣ್ಣಾರೆ ಕಂಡದ್ದೇ ಅದು ಮೊದಲು. ಬಾಗಲಕೋಟೆ ಕಡೆಯ ನಮ್ಮೂರಲ್ಲಿ ನೀರಿಡುವುದು ದೇವರ ಮುಂದೆ, ಇಲ್ಲವೇ ಗುಬ್ಬಿಗಳಿಗೆ.

"ಇದಕ್ಕೂ ನೀರಡಿಕಿ ಆಗ್ತೈತೇನ್ರಿ?" ಎಂದೆ.

"ಆಗುತ್ತೆ ಕಣ್ಣು. ಈ ಊರ್ ಗಾಳಿಗೆ ಮರ ಒಣಗಿ ಬಿರುಕ್ ಬಿಡುತ್ತೆ. ಕೆಳಗಿನ ಹಲಗೆ ತೆಗ್ದು ಒಳಗಿಡು. ಚೆಲ್ಬೇಡ, ಬೇತಮಂಗಲದ್ ನೀರು ಇನ್ನು ನಾಳಿದ್ದೇ ಬರೋದು."

'ಕಣ್ಣು' ಎನ್ನುವುದು ಇಲ್ಲಿಯವರು ಮುದ್ದಿನಿಂದ ಕರೆಯುವ ರೀತಿ ಎಂದು ಆಗ ನನಗೆ ತಿಳಿದಿರಲಿಲ್ಲ. ಬಟ್ಟಲು ಇಟ್ಟು ಹಲಗೆ ಮುಚ್ಚಿದೆ. ಎಂಥ ಊರಿಗೆ ತಂದು ಹಾಕಿದನಪ್ಪ ಎಂದು ಗಂಡನನ್ನು ಮನಸ್ಸಿನಲ್ಲೇ ಬೈದೆ.

ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ. ಹತ್ತು ಮನೆ ನೋಡಿ, ಕೊನೆಗೆ ಈ ಅಮ್ಮನ ಹಿತ್ತಲಿನ ಎರಡು ಕೋಣೆಗಳನ್ನು ಹಿಡಿದಿದ್ದೆವು. ಅವರ ಹೆಸರು ಬರೆಯುವುದಿಲ್ಲ, ಯಾಕೆಂಬುದು ಮುಂದೆ ಗೊತ್ತಾಗುತ್ತದೆ. ಊರೆಲ್ಲ ಅವರನ್ನು ಟೀಚರ್ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ.

ಮೊದಲ ಆರು ತಿಂಗಳು ನಾನು ಬಹಳ ಅತ್ತೆ. ನಮ್ಮ ಕಡೆ ಒಂದೇ ಭಾಷೆಯಲ್ಲಿ ಜಗಳವನ್ನೂ ಆಡುತ್ತೇವೆ, ರಾಜಿಯನ್ನೂ ಮಾಡಿಕೊಳ್ಳುತ್ತೇವೆ. ಇಲ್ಲಿ ಜಗಳ ತಮಿಳಿನಲ್ಲಿ ಹುಟ್ಟಿ, ತೆಲುಗಿನಲ್ಲಿ ಬೆಳೆದು, ಕನ್ನಡದಲ್ಲಿ ಮುಗಿಯುತ್ತದೆ. ಕ್ಯಾಸಂಬಳ್ಳಿಯಿಂದ ಹಾಲು ತರುವ ಮುನಿಯಮ್ಮ ನನ್ನ ಮಾತು ಕೇಳಿ, "ಇದ್ಯಾವ್ ಕನ್ನಡ ಕಣಮ್ಮ ನಿಂದು! ಒಸಿ ಮೆಲ್ಲಗ್ ಏಳು, ತಿಳೀತದೆ" ಎನ್ನುತ್ತಿದ್ದಳು. ಊರಿಂದ ತಂದ ಜೋಳದ ಹಿಟ್ಟು ಮುಗಿದ ದಿನ ಮನೆಯಲ್ಲಿ ಯಾರೋ ಹೋದಂತೆ ಆಯಿತು. ಮುದ್ದೆ ಗಂಟಲಲ್ಲಿ ಇಳಿಯಲೊಲ್ಲದು. ಒಮ್ಮೆ ಪಕ್ಕದ ಬಂಗಾರಪೇಟೆಗೆ ಹೋದಾಗ ಅಲ್ಲಿನ ಪಾನಿಪುರಿಯ ನೀರು ಬಾವಿ ನೀರಿನಷ್ಟು ತಿಳಿಯಾಗಿತ್ತು. ಬಣ್ಣವಿಲ್ಲದ್ದಕ್ಕೆ ಎಂಥ ಖಾರ ಎಂದು ಒಟ್ಟಿಗೆ ಎರಡು ನುಂಗಿ ಕಣ್ಣು ಮೂಗು ಸುರಿಸಿದೆ. ಅಂದು ಗಂಡ ನಕ್ಕದ್ದನ್ನು ಇನ್ನೂ ಮರೆತಿಲ್ಲ.

ಆ ದಿನಗಳಲ್ಲಿ ನನ್ನನ್ನು ಉಳಿಸಿದ್ದು ಗೋಡೆಯಾಚೆಯಿಂದ ಕೇಳುತ್ತಿದ್ದ ಆ ಪಿಯಾನೋ. ಟೀಚರ್ ಗಣಿ ಕೆಲಸಗಾರನ ಮಗಳು. ಅಪ್ಪ ಭೂಮಿಯ ಕೆಳಗೆ ಬಂಡೆ ಕೊರೆಯುವಾಗ, ಮಗಳು ಅಧಿಕಾರಿಗಳ ಕ್ಲಬ್ಬಿನಲ್ಲಿ ಒಬ್ಬ ದೊರೆಸಾನಿಯಿಂದ ಪಾಶ್ಚಾತ್ಯ ಸಂಗೀತ ಕಲಿತರು. ಮದರಾಸು, ಮುಂಬಯಿ, ಕಡಲಾಚೆಯ ಊರುಗಳು ಎಂದು ಸುತ್ತಿ ಗಾಯಕರಿಗೂ ಪಿಟೀಲಿನವರಿಗೂ ಜೊತೆಯಾಗಿ ನುಡಿಸಿದರು. ನಮ್ಮ ಕಡೆ ಇದನ್ನು ಸಾಥ್ ಕೊಡುವುದು ಎನ್ನುತ್ತೇವೆ. ಅಲ್ಲಿನಂತೆ ಇಲ್ಲಿಯೂ ಸಾಥ್ ಕೊಟ್ಟವರ ಹೆಸರು ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲೇ ಇರುತ್ತದೆ. ಗಣಿ ಮುಚ್ಚಿ ಊರವರೆಲ್ಲ ಗಂಟುಮೂಟೆ ಕಟ್ಟಿ ಹೊರಟಾಗ ಈ ಹೆಣ್ಣುಮಗಳು ಲಾರಿಯಲ್ಲಿ ಪಿಯಾನೋ ಹೇರಿಕೊಂಡು ಎದುರು ದಿಕ್ಕಿನಿಂದ ಬಂದರಂತೆ! ಅದನ್ನು ಕೇಳಿದಾಗ ನನಗೆ ಕೈಮುಗಿಯಬೇಕು ಅನ್ನಿಸಿತು.

ಬಂದವರು ಸುಮ್ಮನೆ ಕೂರಲಿಲ್ಲ. ಪೊಂಗಲ್ ಮುಗಿದ ವಾರ ಹಳೆಯ ಸಭಾಂಗಣದಲ್ಲಿ ಮೂರು ದಿನದ ಸಂಗೀತೋತ್ಸವ ಶುರು ಮಾಡಿದರು. ಕಲಾವಿದರನ್ನು ಗೊತ್ತುಮಾಡುವುದು, ಕುರ್ಚಿ ಜೋಡಿಸುವುದು, ಊಟಕ್ಕೆ ಹೇಳುವುದು ಎಲ್ಲ ಅವರೇ. ಕಚೇರಿಯ ವೇಳೆಯನ್ನು ರೈಲಿನ ವೇಳಾಪಟ್ಟಿ ನೋಡಿ ನಿಗದಿ ಮಾಡುತ್ತಾರೆ. ಬೆಂಗಳೂರಿನವರು ಬೆಳಗಿನ ಗಾಡಿಯಲ್ಲಿ ಬಂದು ಬಂಗಾರಪೇಟೆಯಲ್ಲಿ ಇಳಿದು ಸಂಜೆಯ ಗಾಡಿಗೆ ಹತ್ತಬೇಕು. ಎಷ್ಟು ದೊಡ್ಡ ಹಾಡುಗಾರನಿರಲಿ, "ಗಾಡಿ ಕಾಯಲ್ಲ ಸ್ವಾಮಿ, ಮುಗ್ಸಿ" ಎಂದುಬಿಡುತ್ತಾರೆ.

ಕಳೆದ ಉತ್ಸವಕ್ಕೆ ಮುಂಚೆ ಒಂದು ದಿನ ನನ್ನನ್ನು ಪಿಯಾನೋದ ಎಡಕ್ಕೆ ನಿಲ್ಲಿಸಿದರು. "ನಾನ್ ತಲೆ ಆಡಿಸ್ದಾಗ ಹಾಳೆ ತಿರುಗ್ಸು. ಅಷ್ಟೇ ನಿನ್ ಕೆಲ್ಸ."

ಹಾಳೆಯ ಮೇಲೆ ಐದೈದು ಗೆರೆ, ಗೆರೆಗಳ ತುಂಬ ಇರುವೆ ಸಾಲು. "ನನಗ ಇದು ಓದಾಕ ಬರಂಗಿಲ್ರಿ ಟೀಚರ್."

"ಅದಕ್ಕೇ ನೀನ್ ಬೇಕು."

ತಮಾಷೆ ಎಂದುಕೊಂಡೆ. ಒಂದು ವಾರ ಎಲ್ಲ ಸರಿಯಾಗಿಯೇ ನಡೆಯಿತು. ಒಂದು ಮಧ್ಯಾಹ್ನ ಬೆವರಿದ ಬೆರಳಿಗೆ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಮಗುಚಿದವು. ಮುಂದಿನ ಪುಟದಲ್ಲಿ ಬೇರೆಯದೇ ಹಾಡಿನ ತಲೆಬರಹವಿತ್ತು. ಆದರೆ ಟೀಚರ್ ಅದನ್ನೇ ನೋಡುತ್ತ ಹಳೆಯ ಹಾಡನ್ನೇ ನುಡಿಸಿ ಮುಗಿಸಿದರು. ಎಲ್ಲಿಯೂ ತಡವರಿಸಲಿಲ್ಲ. ನಾನು ಅವರ ಕಣ್ಣ ಮುಂದೆ ಮೆಲ್ಲಗೆ ಕೈಯಾಡಿಸಿದೆ.

"ಗಾಳಿ ಬಂತು," ಎಂದರು. ಪಿಯಾನೋದ ಮುಚ್ಚಳ ಇಳಿಸುತ್ತ ಹೇಳಿದರು: "ನಡುವೆ ಮಬ್ಬು, ಪಕ್ಕದಲ್ ಒಸಿ ಕಾಣುತ್ತೆ. ಹಾಳೆ ಮೇಲಿಂದು ಏನೂ ಕಾಣಲ್ಲ. ಎರಡ್ ವರ್ಷ ಆಯ್ತು. ಓದಕ್ ಬರೋರ್ ಯಾರಾದ್ರೂ ನಿಂತಿದ್ರೆ, ನಾನ್ ತಪ್ಪು ಜಾಗದಲ್ಲಿ ತಲೆ ಆಡಿಸಿದ್ ದಿನಾನೇ ಕಂಡ್ಹಿಡೀತಿದ್ರು."

"ಹೇಳಿದ್ರ ಏನಾಗ್ತೈತ್ರಿ? ಬಾಯಿಪಾಠ ಅದಾವಲ್ಲ?"

"ಗೊತ್ತಾದ್ರೆ ಯಾರೂ ನನ್ ಜೊತೆ ಹಾಡಲ್ಲ. ಅಯ್ಯೋ ಪಾವಂ, ಪಾಪ ಅಂತಾರೆ. ಮುಂದಿನ್ ಸಾಲಲ್ಲಿ ಕೂರಿಸಿ ಶಾಲು ಹೊದಿಸ್ತಾರೆ. ನಂಗೆ ಶಾಲು ಬೇಡ ಕಣ್ಣು, ಈ ಸ್ಟೂಲು ಬೇಕು."

ನಾನು ಮಾತು ಕೊಟ್ಟೆ. ಅಂದಿನಿಂದ ನನ್ನ ಒಂಟಿತನ ಎಲ್ಲಿ ಹೋಯಿತೋ ತಿಳಿಯದು. ಕಾಯಲು ಒಂದು ಗುಟ್ಟಿದ್ದರೆ ಊರು ಅರ್ಧ ನಮ್ಮದಾಗುತ್ತದೆ.

ಉತ್ಸವದ ಕೊನೆಯ ದಿನ ಹಾಡಲು ಬೆಂಗಳೂರಿನಿಂದ ಒಬ್ಬ ಗಾಯಕಿ ಬಂದರು. ಕಚೇರಿಗೆ ಮುಂಚೆ ಅಭ್ಯಾಸಕ್ಕೆ ಕುಳಿತಾಗ ಟೀಚರ್ ತಮ್ಮ ಪದ್ಧತಿಯಂತೆ ಮೊದಲು ಹಾಡಿಸಲಿಲ್ಲ. ಹಾಡಿನ ಮಾತುಗಳನ್ನು ಬರೀ ಮಾತಾಗಿ ಹೇಳಿಸಿದರು. ಕಣ್ಣು ಮುಚ್ಚಿ, ಗಾಯಕಿ ಎಲ್ಲೆಲ್ಲಿ ಉಸಿರೆಳೆಯುತ್ತಾರೆ ಎಂಬುದನ್ನು ಕಿವಿಗೊಟ್ಟು ಆಲಿಸಿದರು. "ಸ್ವರ ಎಲ್ರೂ ಕಲೀತಾರೆ. ಜೊತೆಗ್ ನುಡಿಸೋರು ಉಸಿರು ಕಲೀಬೇಕು," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಕಚೇರಿ ಬಹಳ ಚೆನ್ನಾಗಿ ಆಯಿತು. ಜನ ಚಪ್ಪಾಳೆ ನಿಲ್ಲಿಸಲಿಲ್ಲ. ಆಗ ಗಾಯಕಿ ಚೀಲದಿಂದ ಕೈಬರಹದ ಎರಡು ಬಿಡಿ ಹಾಳೆ ತೆಗೆದು ನನ್ನ ಕೈಗಿಟ್ಟು, "ಟೀಚರ್, ಇದೊಂದು ಹಾಡ್ತೀನಿ. ಹೊಸದು, ಆದರೆ ಸುಲಭ" ಎಂದುಬಿಟ್ಟರು.

ಟೀಚರಿಗೆ ಗೊತ್ತಿಲ್ಲದ ಹಾಡು! ಹಾಳೆಗಳನ್ನು ಹೇಗೋ ಪಿಯಾನೋದ ಮೇಲಿಟ್ಟೆ. ಟೀಚರ್ ಅಳುಕಲಿಲ್ಲ. "ಮೊದಲ್ನೇ ಚರಣ ನೀನೊಬ್ಳೇ ಹಾಡಮ್ಮ. ಆಮೇಲ್ ನಾನ್ ಬರ್ತೀನಿ," ಎಂದರು.

ಗಾಯಕಿ ಜನರ ಕಡೆ ತಿರುಗಿ ಹಾಡಿದರು. ಟೀಚರ್ ಮಡಿಲಲ್ಲಿ ಕೈಯಿಟ್ಟು ಕೇಳಿದರು. ಎರಡನೆಯ ಚರಣಕ್ಕೆ ಎಡಗೈ ಮಾತ್ರ ಬಂತು, ಒಂದೊಂದೇ ಸ್ವರ, ಪ್ರತಿಯೊಂದೂ ಗಾಯಕಿ ಉಸಿರೆಳೆದ ಕಡೆಯೇ. ಮೂರನೆಯದಕ್ಕೆ ಬಲಗೈಯೂ ಸೇರಿತು. ನಡುವೆ ತಲೆಯಾಡಿಸಿದರು. ನಾನು ಮೇಲಿನ ಹಾಳೆ ತೆಗೆದು ಕೆಳಗಿನದನ್ನು ಮುಂದಿಟ್ಟೆ. ನನ್ನ ಜನ್ಮದಲ್ಲಿ ಅಂಥ ಸಾಥ್ ಕೇಳಿಲ್ಲ, ಅಷ್ಟು ಹೆದರಿಯೂ ಇಲ್ಲ.

ಹಾಡು ಮುಗಿಯಿತು. ಗಾಯಕಿ ಹಾಳೆ ತೆಗೆದುಕೊಳ್ಳಲು ಬಂದವರು ತಟ್ಟನೆ ನಿಂತರು. ನಾನೂ ನೋಡಿದೆ. ನಾನಿಟ್ಟ ಎರಡನೆಯ ಹಾಳೆ ತಲೆಕೆಳಗಾಗಿತ್ತು.

ಅವರು ನನ್ನನ್ನು ನೋಡಿದರು. ಆಮೇಲೆ ಸಭೆಯತ್ತ ನಗುತ್ತ ಕುಳಿತ ಟೀಚರನ್ನು ನೋಡಿದರು. ಸದ್ದಿಲ್ಲದೆ ಹಾಳೆಯನ್ನು ನೆಟ್ಟಗೆ ಮಾಡಿ, ಅಲ್ಲೇ ಬಿಟ್ಟು, ಬಾಗಿ ಟೀಚರ ಕಾಲು ಮುಟ್ಟಿದರು. "ಮುಂದಿನ ವರ್ಷವೂ ಇದನ್ನೇ ಹಾಡ್ತೀನಿ. ನೀವೇ ನುಡಿಸಬೇಕು," ಎಂದು ಹೇಳಿ ರೈಲಿಗೆ ಹೊರಟರು.

"ಏನ್ ಮಾಡ್ದೆ?" ಎಂದು ಟೀಚರ್ ನನ್ನನ್ನು ಕೇಳಿದರು. "ಅವ್ಳು ಹತ್ರ ಬಂದಾಗ ನಿಂದೂ ಅವ್ಳದೂ ಒಟ್ಟಿಗೇ ಉಸಿರು ನಿಂತೋಯ್ತು." ನಡೆದದ್ದನ್ನು ಹೇಳಿದೆ. ಸ್ಟೂಲಿನಿಂದ ಬೀಳುವಂತೆ ನಕ್ಕರು. ಇದನ್ನು ಬರೆಯಲೇ ಎಂದು ಮೊನ್ನೆ ಕೇಳಿದ್ದಕ್ಕೆ, "ಹೆಸರ್ ಹಾಕ್ಬೇಡ. ನಿಮ್ಮೂರಿಂದ ಯಾರೂ ಶಾಲು ತರಲ್ಲ, ಬರ್ಕೋ," ಎಂದರು.

ಈಗ ಗಂಡನಿಗೆ ನಮ್ಮ ಕಡೆಯೇ ಕೆಲಸ ಸಿಗುವ ಹಾಗಿದೆ. ಬಂದ ದಿನದಿಂದ ನಾನೇ ಅದಕ್ಕಾಗಿ ಅವನ ತಲೆ ತಿಂದವಳು. "ಹೋಗೋಣೇನು?" ಎಂದು ಅವನು ಕೇಳಿದರೆ ಪಿಯಾನೋದ ಬಟ್ಟಲಿಗೆ ನೀರು ಹಾಕಲು ಎದ್ದು ಹೋಗುತ್ತೇನೆ. ಮುಂದಿನ ಉತ್ಸವಕ್ಕೆ ಆ ಎಡಬದಿಯಲ್ಲಿ ಯಾರು ನಿಲ್ಲುತ್ತಾರೆ?

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಹೊಟ್ಟೆ ತುಂಬ ರೊಟ್ಟಿ ತಿಂದೆ, ಬಾಯಿ ತುಂಬ ನಮ್ಮ ಮಾತು ಆಡಿದೆ. ಸೋಮವಾರದ ಭಜನೆಯಲ್ಲಿ ಅಪ್ಪ ಎಂದಿನಂತೆ ಹಾರ್ಮೋನಿಯಂ ಹಿಡಿದು ಕುಳಿತ, ನಾನು ಅವನ ಎಡಕ್ಕೆ ಕುಳಿತೆ. ಪದ ಏರುತ್ತಿದ್ದಾಗ ಅಪ್ಪ ಲಹರಿಯಲ್ಲಿ ತಲೆಯಾಡಿಸಿದ. ನನ್ನ ಕೈ ತಾನಾಗಿ ಮೇಲೆದ್ದಿತು.

"ಏನ್ ಬೇಕವ್ವಾ?" ಎಂದಳು ಅವ್ವ.

ತಿರುವಲು ಅಲ್ಲಿ ಹಾಳೆ ಇರಲಿಲ್ಲ.