ಆಯಿ ಕೇಳಿಸಿಕೊಂಡ ‘ಒಪ್ಪಾ’

ಕೊರಿಯಾದ ಧಾರಾವಾಹಿಗಳ ಹುಚ್ಚು ನನಗೆ ಹತ್ತಿದ್ದು ನಾರಾಯಣಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ. ಫೋನನ್ನು ಕಡಲೆಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸುತ್ತಿದ್ದೆ. ಪಕ್ಕದಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ರಾಟೆ ತಿರುಗಿಸುತ್ತ ಮಗ್ಗಕ್ಕೆ ನೂಲು ಸುತ್ತಿಕೊಡುತ್ತಿದ್ದಳು. ಒಳಗೆ ಅಪ್ಪ ನೇಯುತ್ತಿದ್ದ. ಸೀರೆಗಳ ಫೋಟೋ ತೆಗೆದು ಗಿರಾಕಿಗಳಿಗೆ ಕಳಿಸುವುದು ನನ್ನ ಪಾಲಿನ ಕೆಲಸ. ಹಾಗಾಗಿ ಫೋನು ಸದಾ ನನ್ನ ಕೈಯಲ್ಲೇ, ಯಾರೂ ಏನೂ ಅನ್ನುವಂತಿರಲಿಲ್ಲ.

ಒಂದು ಧಾರಾವಾಹಿಯನ್ನು ಮೊದಲು ತೆಲುಗು ದನಿಯಲ್ಲಿ ನೋಡಿದೆವು. ನಮ್ಮಿಬ್ಬರಿಗೂ ತೆಲುಗು ನೀರು ಕುಡಿದಷ್ಟು ಸಲೀಸು. ಆದರೆ ಅದರ ಹಾಲುಗಲ್ಲದ ನಾಯಕನಿಗೆ ಯಾವನೋ ಖಳನಾಯಕನ ಗಂಟಲು ಕೊಟ್ಟಿದ್ದರು.

“ಈ ಮುಖಕ್ಕ ಈ ದನಿ ಹೊಂದಂಗಿಲ್ಲ. ಅವರ ಮಾತಿನಾಗೇ ಹಚ್ಚು, ನಾ ಮಾರಿ ನೋಡಿ ತಿಳ್ಕೋತೀನಿ,” ಅಂದಳು ಆಯಿ. ಅಂದಿನಿಂದ ಕೊರಿಯಾದ ಮಾತೇ. ಕೆಳಗೆ ಬರುವ ಇಂಗ್ಲಿಷ್ ಸಾಲನ್ನು ಓದಿ ನಾನು ಅವಳಿಗೆ ಹೇಳುತ್ತಿದ್ದೆ. ಎಷ್ಟೋ ಸಲ ನಾನು ಹೇಳುವುದರೊಳಗೆ ಅವಳು ನಕ್ಕು ಮುಗಿಸಿರುತ್ತಿದ್ದಳು.

ಕಥೆಯೇನು ಮಹಾ ಕಥೆಯಲ್ಲ. ಇಸ್ತ್ರಿ ಅಂಗಡಿ ನಡೆಸುವ ಬಾಯಿಬಡುಕಿ ಹುಡುಗಿ, ದೊಡ್ಡ ಹೋಟೆಲಿನ ಮಾಲೀಕನ ಸಿಡುಕು ಮೋರೆಯ ಮಗ. ಅವಳು ಅವನ ಕೋಟು ಸುಡುತ್ತಾಳೆ, ಜಗಳ ಶುರು. ಇವರಿಬ್ಬರೂ ಕೂಡುತ್ತಾರೆಂದು ಮೊದಲ ಕಂತಿನಲ್ಲೇ ಕುರುಡನಿಗೂ ಗೊತ್ತಾಗುತ್ತದೆ. ಆದರೂ ಬಿಟ್ಟು ಏಳಲು ಮನಸ್ಸಾಗುವುದಿಲ್ಲ, ಯಾಕೆಂದರೆ ಅವರಿಗೆ ಅವಸರವೇ ಇಲ್ಲ. ನಮ್ಮ ಸೀರಿಯಲ್ಲುಗಳಲ್ಲಿ ಅತ್ತೆ ಕತ್ತು ತಿರುಗಿಸಿದರೆ ಗುಡುಗು, ಸೊಸೆ ಕಣ್ಣು ಬಿಟ್ಟರೆ ಸಿಡಿಲು. ಇಲ್ಲಿ ಹುಡುಗ ಅವಳಿಗೆ ಕೊಡೆ ಹಿಡಿದು ನಿಂತಿರುತ್ತಾನೆ, ಅವನ ಒಂದು ಭುಜ ತೊಯ್ಯುತ್ತಿರುತ್ತದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಬಾಯಿ ತುಂಬ ಶಾವಿಗೆ ತುರುಕಿಕೊಂಡು ಗೊಳೋ ಅಂತ ಅಳುತ್ತಾಳೆ, ಆಗಲೂ ಅವನಿಗೆ ಚೆಂದವಾಗಿಯೇ ಕಾಣುತ್ತಾಳೆ. ಅರ್ಧ ಕಥೆ ಮುಗಿದರೂ ಕೈ ಹಿಡಿದಿರುವುದಿಲ್ಲ. ಹಿಡಿದ ದಿನ ಆಯಿಯ ರಾಟೆ ನಿಂತೇಬಿಟ್ಟಿತು. ನಾನೂ ಅದನ್ನು ಹಿಂದಕ್ಕೆ ಸರಿಸಿ ಇನ್ನೊಮ್ಮೆ ನೋಡಿದೆ, ಸುಳ್ಳೇಕೆ ಹೇಳಲಿ.

ಆಯಿಗೆ ಇನ್ನೂ ಒಂದು ಬೆರಗಿತ್ತು. ಆ ಜನ ತಂದೆಯನ್ನು ‘ಅಪ್ಪಾ’ ಅನ್ನುತ್ತಾರೆ, ತಾಯಿಯನ್ನು ಹೆಚ್ಚುಕಡಿಮೆ ‘ಅಮ್ಮಾ’ ಅಂತಲೇ ಕೂಗುತ್ತಾರೆ. “ಇವರು ನಮ್ಮ ಕಡೀ ಮಂದೀನೇ. ರಾಯಚೂರು ದಾಟಿ ಎಲ್ಲೋ ಹೋಗಿ ಉಳ್ಕೊಂಡಾರ,” ಎಂದು ಅವಳೇ ತೀರ್ಪು ಕೊಟ್ಟಳು. ಆಮೇಲೆ ಅವಳ ಕಿವಿಗೆ ‘ಒಪ್ಪಾ’ ಬಿತ್ತು. ಹುಡುಗಿ ನಾಯಕನ ಮುಖ ನೋಡಿ, ಕೊನೆಯನ್ನು ಎಳೆದು, ಮಾತು ಮಾತಿಗೂ “ಒಪ್ಪಾ...?” ಅನ್ನುತ್ತಿದ್ದಳು.

“ನೋಡು, ಎಷ್ಟು ಮರ್ಯಾದಿ ಮಂದಿ,” ಅಂದಳು ಆಯಿ. “ಒಂದೊಂದಕ್ಕೂ ಕೇಳ್ತಾಳ, ಒಪ್ಪಿದೇನು ಅಂತ.”

“ಅದು ಹಂಗಲ್ಲ ಆಯಿ. ಒಪ್ಪಾ ಅಂದ್ರ ಅಣ್ಣ.”

“ಥೂ! ಲಗ್ನ ಆಗೋ ಹುಡುಗಗ ಅಣ್ಣ ಅಂತಾರೇನು? ನಿನ್ನ ಇಂಗ್ಲಿಷ್‌ನಾಗೇ ಏನೋ ತಪ್ಪೈತಿ.”

ನಾನು ಸೋತೆ. ನಿಜ ಹೇಳಬೇಕೆಂದರೆ ಅವಳ ಅರ್ಥವೇ ನನಗೆ ಹೆಚ್ಚು ಹಿಡಿಸಿತ್ತು.

ಅದೇ ದಿನಗಳಲ್ಲಿ ಗದ್ವಾಲದಿಂದ ನನಗೊಂದು ಸಂಬಂಧ ಬಂತು. ಹುಡುಗನಿಗೆ ಅಲ್ಲಿ ಔಷಧಿ ಅಂಗಡಿ. ನಮ್ಮಲ್ಲಿ ಒಪ್ಪಿಗೆ ಅನ್ನುವುದು ಗಂಡಸರು ಪಡಸಾಲೆಯಲ್ಲಿ ಕೊಟ್ಟು ತೆಗೆದುಕೊಳ್ಳುವ ವಸ್ತು. ಎರಡೂ ಕಡೆಯ ಹಿರಿಯರು “ಒಪ್ಪಿಗಿ ಐತ್ರೀ” ಅಂದು ಸಕ್ಕರೆ ಹಂಚಿದರೆ ಮುಗಿಯಿತು, ಹುಡುಗಿಗೆ ಅಡುಗೆಮನೆಯಲ್ಲಿ ಸುದ್ದಿ ಮುಟ್ಟುತ್ತದೆ. ಅಪ್ಪ ನನ್ನ ಮೇಲೆ ಜೀವ ಇಟ್ಟುಕೊಂಡವನು. ಆದರೆ ಮೌನವೇ ಸಮ್ಮತಿ ಎಂದು ನಂಬಿದವನು. ಹುಡುಗ ಬೇಡ ಅನ್ನುವುದು ನನ್ನ ಮಾತಲ್ಲ, ನೋಡಿಯೇ ಇರಲಿಲ್ಲವಲ್ಲ. ನನ್ನನ್ನೊಂದು ಮಾತು ಕೇಳಲಿ, ಅಷ್ಟೇ. ಅಪ್ಪನೆದುರು ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಆಯಿಯ ಪಕ್ಕ ಕೂತು ಧಾರಾವಾಹಿಯ ನೆವದಲ್ಲಿ ಅತ್ತುಬಿಟ್ಟೆ.

ಗದ್ವಾಲದವರು ಬಂದರು. ಅವ್ವ ಮಂಡಕ್ಕಿಯ ವಗ್ಗರಣಿ, ಮಿರ್ಚಿ ಭಜಿ ಮಾಡಿದ್ದಳು. ನಾನು ಚಹಾ ಕೊಟ್ಟು ಆಯಿಯ ಹತ್ತಿರ ಕೂತೆ. ಹುಡುಗ ತಲೆ ತಗ್ಗಿಸಿಕೊಂಡು ಮಿರ್ಚಿಯನ್ನೇ ನೋಡುತ್ತಿದ್ದ. ಅವನ ದೊಡ್ಡಪ್ಪ ಮೀಸೆ ಒರೆಸಿಕೊಂಡು, “ನಮಗ ಒಪ್ಪಿಗಿ ಐತ್ರೀ,” ಅಂದರು. ಅಪ್ಪ ಹಿಗ್ಗಿ, “ನಮಗೂ ಐತ್ರೀ,” ಅಂದ. ಅವ್ವ ಸಕ್ಕರೆಯ ತಟ್ಟೆ ತಂದಳು.

ಆಯಿ ಕೈ ಚಾಚಿ ತಟ್ಟೆಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. “ತಡೀರಿ. ಕೇಳಬೇಕಾದವರನ್ನ ಇನ್ನೂ ಕೇಳಿಲ್ಲ.” ನನ್ನ ಕಡೆ ತಿರುಗಿದಳು. ಥೇಟ್ ಆ ಇಸ್ತ್ರಿ ಅಂಗಡಿಯ ಹುಡುಗಿಯ ಹಾಗೆ ಕತ್ತು ವಾಲಿಸಿ, ಎಳೆದು, ಕೇಳಿದಳು: “ಒಪ್ಪಾ...?”

ಎಲ್ಲರೂ ಮುದುಕಿಗೆ ಏನಾಯಿತೆಂದು ನೋಡಿದರು. ಹುಡುಗ ಮಾತ್ರ ಪುಸಕ್ಕನೆ ನಕ್ಕುಬಿಟ್ಟ. ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡ. ನನಗೂ ನಗು, ಅಳು ಎರಡೂ ಒಟ್ಟಿಗೆ ಬಂದವು.

“ಇನ್ನೂ ಗೊತ್ತಿಲ್ಲ ಆಯಿ. ಒಮ್ಮೆ ಮಾತಾಡಿ ಹೇಳ್ತೀನಿ,” ಅಂದೆ. ಅಷ್ಟು ಜನರ ಮುಂದೆ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

“ಆತು. ಮಾತಾಡಲಿ,” ಅಂದಳು ಆಯಿ. “ಅರ್ಧ ಕಥಿ ಮುಗಿಯೋತನ ಅವರು ಕೈ ಸುದ್ದಾ ಹಿಡಿಯಂಗಿಲ್ಲ. ನಿಮಗ್ಯಾಕಪಾ ಇಷ್ಟು ಗಡಿಬಿಡಿ?” ದೊಡ್ಡಪ್ಪನಿಗೆ ಯಾರ ಕಥೆಯೆಂದು ತಿಳಿಯಲಿಲ್ಲ. ಆದರೂ ತಲೆಯಾಡಿಸಿದರು.

ಮುಂದಿನ ಭಾನುವಾರ ನಾವು ಮಕ್ತಲದಲ್ಲಿ ಸೇರಿದೆವು. ಅವನು ಗದ್ವಾಲದಿಂದ ಬಸ್ಸಿಗೆ ಬಂದ, ನಾನು ಇತ್ತಲಿಂದ, ಕಾವಲಿಗೆ ಆಯಿ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಆಯಿ ಬೇಕೆಂದೇ ದೂರದ ಮೇಜು ಹಿಡಿದಳು.

“ನೀವೂ ಆ ಧಾರಾವಾಹಿ ನೋಡ್ತೀರೇನ್ರಿ?” ಕೇಳಿದೆ.

“ಅಂಗಡ್ಯಾಗ ಗಿರಾಕಿ ಇಲ್ಲದಾಗ ನೋಡ್ತೀನ್ರಿ. ಒಪ್ಪಾ ಅಂದ್ರ ಅಣ್ಣ ಅಲ್ಲೇನ್ರಿ?”

“ನಮ್ಮ ಮನ್ಯಾಗ ಅಲ್ರಿ,” ಅಂದು ಆಯಿಯ ಅರ್ಥ ಹೇಳಿದೆ.

ಅವನು ನಗಲಿಲ್ಲ. “ಹಂಗಾದ್ರ ನನ್ನನ್ನೂ ಯಾರೂ ಕೇಳಿಲ್ರಿ. ಇಸ್ತ್ರಿ ಅಂಗಿ ಹಾಕ್ಕೊಂಡು ಬಾ ಅಂದ್ರು, ಬಂದೆ.”

ಆ ಮಾತಿಗೆ ನನ್ನ ಮನಸ್ಸು ಕರಗಿತು. ಗಂಡಸರನ್ನು ಕೇಳಿಯೇ ಎಲ್ಲ ನಡೆಯುತ್ತದೆ ಎಂದುಕೊಂಡಿದ್ದೆ. ಸೀರೆಯ ಕೆಲಸ ಬಿಡುವುದಿಲ್ಲ ಅಂದೆ, ಬಿಡಬ್ಯಾಡ್ರಿ ಅಂದ. ಕೊಡೆ ಹಿಡಿಯಲು ಅಂದು ಮಳೆಯೇನೂ ಇರಲಿಲ್ಲ, ಉರಿಬಿಸಿಲು. ಬಸ್ಸಿನವರೆಗೆ ನಮ್ಮಿಬ್ಬರನ್ನೂ ನೆರಳಿನ ಕಡೆ ಬಿಟ್ಟು ತಾನು ಬಿಸಿಲಲ್ಲಿ ನಡೆದ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಫೋನಿನಲ್ಲಿ ಇನ್ನೂ ಕೆಲವು ದಿನ ಮಾತಾಡಿದೆವು. ಆಮೇಲೆ ಒಂದು ಮಧ್ಯಾಹ್ನ ನಾನೇ ಮಗ್ಗದ ಹತ್ತಿರ ಹೋಗಿ, “ಅಪ್ಪಾ, ಒಪ್ಪೀನಿ,” ಅಂದೆ. ಅಪ್ಪ ಲಾಳಿ ಕೆಳಗಿಟ್ಟು ಹೊರಗೆ ಬಂದ. ಖುಷಿಯಾಗಿತ್ತು. ಆದರೂ ತಾಯಿಗೆ ಒಂದು ಮಾತು ಚುಚ್ಚದೆ ಇರಲಾಗಲಿಲ್ಲ.

“ನೋಡವ್ವ, ಕಡೀಕ ಅದೇ ಆತಲ್ಲ! ಅವತ್ತೇ ಸಕ್ಕರಿ ಹಂಚಿದ್ರ ಏನಾಗ್ತಿತ್ತು?”

ಆಯಿ ರಾಟೆ ನಿಲ್ಲಿಸಿ ಮಗನ ಕಡೆ ತಿರುಗಿದಳು.

“ನಿಮ್ಮಪ್ಪಗ ನಾನೂ ಒಪ್ತಿದ್ದೆ,” ಅಂದಳು. “ಭಾಳ ಖುಷೀಲೆ ಒಪ್ತಿದ್ದೆ. ಯಾರೂ ಕೇಳಲಿಲ್ಲ.”